ಆಸ್ಪತ್ರೆ ಮುಟ್ಟದ ಕಾರು

1983ರ ಅಕ್ಟೋಬರ್ 11, ಮಂಗಳವಾರ. ಸಂಜೆ ಆರರ ಸುಮಾರಿಗೆ ಕೂಡ್ಲಿಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದವನ ಅಂಗಿಯ ತುಂಬ ಒಣಗಿದ ರಕ್ತವಿತ್ತು. ಎಲ್ಲೋ ಹೊಡೆದಾಡಿ ಬಂದಿದ್ದಾನೆಂದು ತಿಳಿದು ಪಹರೆಯವನು ಅವನನ್ನು ತಡೆದ. ಬಂದವನು, "ನನ್ನ ತಂಗಿ ಎಲ್ಲಿ ಅದಾಳ್ರಿ?" ಎಂದು ಮಾತ್ರ ಕೇಳಿದ.

ಅವನ ಹೆಸರು ದುರುಗಪ್ಪ. ಕಾನಹೊಸಹಳ್ಳಿ ಕಡೆಯ ಕುರಿಗಾರ. ಸಬ್ ಇನ್ಸ್‌ಪೆಕ್ಟರ್ ವೀರಭದ್ರಯ್ಯ ಅವನನ್ನು ಒಳಗೆ ಕರೆಸಿ ಬೆಂಚಿನ ಮೇಲೆ ಕೂರಿಸಿ ನೀರು ಕೊಡಿಸಿದರು. ಹೆಡ್ ಕಾನ್‌ಸ್ಟೇಬಲ್ ಓಬಣ್ಣ ಕಾಗದ ತೆಗೆದು ಬರೆಯಲು ಕುಳಿತ.

"ಏನಾತು ಹೇಳು."

"ಮೂರು ಗಂಟಿ ಆಗಿರಬಹುದ್ರಿ. ಕುರಿ ಹೆದ್ದಾರಿ ದಾಟಿಸ್ತಿದ್ವಿ. ಒಂದು ಮರಿ ಹಿಂದಕ್ಕ ಓಡ್ತು. ತಂಗಿ ಹುಲುಗಮ್ಮ ಅದನ್ನ ತಿರುವಾಕ ಹೋದ್ಳು. ಕಾರು ಬಂದು ಬಡೀತು."

"ನಿಲ್ಲಿಸಿದ್ರಾ?"

"ನಿಲ್ಲಿಸಿದ್ರು. ಅದಕ್ಕ ನಾ ನಂಬಿದ್ದು."

ಕಾರಿನಲ್ಲಿ ಮೂವರು ಹುಡುಗರಿದ್ದರು. ಒಬ್ಬ ಕನ್ನಡದವನು. ಒಬ್ಬ ಗಿಡ್ಡಗೆ, ತಮಿಳರ ಹಾಗಿದ್ದ. ಕಾರು ಓಡಿಸುತ್ತಿದ್ದ ಮೂರನೆಯವನು ಬೇರೆ ದೇಶದವನು. ತುಂಬ ಎತ್ತರ, ಕಡುಗಪ್ಪು ಬಣ್ಣ, ಗುಂಗುರು ಕೂದಲು.

"ಆ ಎತ್ತರದ ಹುಡುಗ ಇಳದವನ ಆಕಿ ಬಾಜೂಕ ಕುಂತ. ನನ್ನ ಕೋಲು ಇಸಗೊಂಡು ಮುರದು, ತನ್ನ ಅಂಗಿ ಹರದು ಕಾಲು ಕಟ್ಟಿದ. ‘ಎಲ್ಲಿ ನೋವು, ಎಲ್ಲಿ ನೋವು’ ಅಂತ ಕನ್ನಡದಾಗ ಕೇಳತಿದ್ದ. ಅಷ್ಟ ಬರ್ತಿತ್ತು ಅವಗ. ಕನ್ನಡದ ಹುಡುಗ ಅಂದ, ‘ನಾವು ಡಾಕ್ಟರ್ ಓದೋರು, ಕೂಡ್ಲಿಗಿ ದವಾಖಾನಿಗೆ ಒಯ್ತೀವಿ’ ಅಂತ."

"ನೀನು ಯಾಕ ಜತಿಗೆ ಹೋಗಲಿಲ್ಲ?"

ದುರುಗಪ್ಪ ತಲೆ ತಗ್ಗಿಸಿದ. "ಆ ಕನ್ನಡದ ಹುಡುಗ ಜಾಗ ಇಲ್ಲ ಅಂದ್ರಿ. ಆಕಿನ್ನ ಉದ್ದಕ ಮಲಗಿಸಬೇಕು, ಹಿಂದ ನಾನ ಕುಂದರ್ತೀನಿ, ನೀ ಬಸ್ಸಿಗೆ ಬಾ ಅಂದ. ಸೀಟಿಗೆ ರಕ್ತ ಹತ್ತತೈತಿ ಅಂತ ನನ್ನ ಕಂಬಳಿ ಹಾಸಿಸಿದ. ಕುರಿ ರಸ್ತಿ ತುಂಬ ನಿಂತಿದ್ವು. ಅವನ್ನ ಅವ್ವನ ಕೈಗೆ ಒಪ್ಪಿಸಿ ಬಸ್ ಹಿಡದು ಬಂದೆ. ದವಾಖಾನ್ಯಾಗ ಯಾವ ಕಾರೂ ಬಂದಿಲ್ಲಂತ್ರಿ."

ವೀರಭದ್ರಯ್ಯ ತಾವೇ ಆಸ್ಪತ್ರೆಗೆ ನಡೆದರು. ನರ್ಸ್, ಕಾಂಪೌಂಡರ್, ಗೇಟಿನ ಬಳಿ ಕಾಂಪೌಂಡ್ ಗೋಡೆ ಕಟ್ಟುತ್ತಿದ್ದ ಗೌಂಡಿಗಳು, ಎಲ್ಲರೂ ಒಂದೇ ಮಾತು ಹೇಳಿದರು. ಮಧ್ಯಾಹ್ನದಿಂದ ಒಂದು ಕಾರೂ ಬಂದಿರಲಿಲ್ಲ.

ಠಾಣೆಗೆ ಮರಳಿ ಎಫ್‌ಐಆರ್ ದಾಖಲಿಸಿದರು. ಭಾರತೀಯ ದಂಡ ಸಂಹಿತೆ ಕಲಂ 279 ಮತ್ತು 338, ಅಜಾಗರೂಕ ಚಾಲನೆ ಮತ್ತು ತೀವ್ರ ಗಾಯ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಠಾಣೆಗಳಿಗೆ ವೈರ್‌ಲೆಸ್ ಸಂದೇಶ ಹೋಯಿತು. ಕಾರಿನ ನಂಬರು ಯಾರಿಗೂ ಗೊತ್ತಿರಲಿಲ್ಲ. ದುರುಗಪ್ಪನಿಗೆ ಓದಲು ಬರುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ವೀರಭದ್ರಯ್ಯ, ಓಬಣ್ಣ ಮತ್ತು ಕಾನ್‌ಸ್ಟೇಬಲ್ ಜೋಗಪ್ಪ ಸ್ಥಳ ಪಂಚನಾಮೆಗೆ ಹೋದರು. ಡಾಂಬರಿನ ಮೇಲೆ ಬ್ರೇಕಿನ ಉದ್ದನೆಯ ಕರೀ ಗೆರೆಯಿತ್ತು. ಗೆರೆ ಮುಗಿದಲ್ಲಿ ಹೆಡ್‌ಲೈಟಿನ ಗಾಜಿನ ಚೂರುಗಳು ಬಿದ್ದಿದ್ದವು. ಇಬ್ಬರು ಪಂಚರ ಎದುರು ಜೋಗಪ್ಪ ಅವನ್ನು ಆರಿಸಿ ಪೊಟ್ಟಣ ಕಟ್ಟಿದ.

ಕಾನಹೊಸಹಳ್ಳಿಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯ ಕೆಂಚಕ್ಕನಿಗೆ ಆ ಮೂವರ ನೆನಪು ಚೆನ್ನಾಗಿತ್ತು.

"ಆ ಉದ್ದನ ಹುಡುಗ ಮೆಣಸಿನಕಾಯಿ ಕಡದು ಕಣ್ಣಾಗ ನೀರು ಹಾಕ್ಕೊಂಡ್ರಿ. ನಗತಾ ನಗತಾ ಇನ್ನೊಂದು ಕೊಡು ಅಂತ ಕೈ ಮಾಡಿದ. ನಾನೂ ನಕ್ಕೆ. ಹಂಪಿ ನೋಡಾಕ ಹೊಂಟೀವಿ ಅಂದ್ರು. ದಸರಾ ಸೂಟಿಯಂತ."

"ಕಾರು ಯಾವುದು?"

"ಬಿಳೀ ಅಂಬಾಸಡರ್ ರಿ. ಹೊಸದು. ನಮ್ಮ ಕನ್ನಡದ ಹುಡುಗ ಕೈಯಾಗ ಬಟ್ಟಿ ಹಿಡಕೊಂಡು ಅದನ್ನ ಒರಸತಾನ ಇದ್ದ."

ಹೊರಗೆ ಬಂದ ಮೇಲೆ ಓಬಣ್ಣ, "ಕೇಸು ತಿಳಿ ಐತ್ರಿ ಸರ. ಆ ಪರದೇಶದವನ ಏನಾರ ಮಾಡ್ಯಾನ. ಅವಗ ಇಲ್ಲಿ ಹೇಳೋರು ಕೇಳೋರು ಯಾರು ಅದಾರ?" ಎಂದ.

"ಅಂಗಿ ಹರದು ಕಾಲು ಕಟ್ಟಿದವನು ಅವನ ಅಲ್ಲೇನು?"



ಮಧ್ಯಾಹ್ನ ಹನ್ನೆರಡೂವರೆಗೆ ಕೊಟ್ಟೂರು ಠಾಣೆಯಿಂದ ಸಂದೇಶ ಬಂತು. ಕೊಟ್ಟೂರು–ಹಗರಿಬೊಮ್ಮನಹಳ್ಳಿ ರಸ್ತೆಯ ಪಕ್ಕದ ಜೋಳದ ಹೊಲವೊಂದರಲ್ಲಿ ಹೆಣ್ಣಿನ ಶವ ಸಿಕ್ಕಿತ್ತು.

ಮೇವು ಕೊಯ್ಯಲು ಹೋದ ದ್ಯಾಮಕ್ಕ ಎಂಬ ಹೆಂಗಸು ಮೊದಲು ಕಂಡವಳು. ಜೋಳ ಆಳೆತ್ತರಕ್ಕೆ ಬೆಳೆದಿತ್ತು. ಹೊಲದ ಒಳಭಾಗದಲ್ಲಿ ಒಂದು ಕಡೆ ದಂಟುಗಳು ನೆಲಕ್ಕೆ ಒರಗಿದ್ದವು. ಹುಲುಗಮ್ಮನನ್ನು ಮಲಗಿಸಿದ್ದು ಅಲ್ಲಿ. ಆದರೆ ಶವವಿದ್ದದ್ದು ಅಲ್ಲಿ ಅಲ್ಲ. ಒರಗಿದ ದಂಟುಗಳ ದಾರಿಯೊಂದು ಅಲ್ಲಿಂದ ಹೊರಟು ರಸ್ತೆಯ ಕಡೆಗೆ ಸಾಗಿತ್ತು. ಹುಲುಗಮ್ಮ ಮೊಣಕೈ ಊರಿ ತೆವಳಿದ್ದಳು. ಉಗುರುಗಳ ತುಂಬ ಕರೀ ಮಣ್ಣು. ಬದುವಿಗೆ ಇನ್ನು ನಾಲ್ಕು ಮಾರು ಉಳಿದಿತ್ತು. ಕಾಲಿಗೆ ಕಟ್ಟಿದ ಕೋಲು ಮತ್ತು ಅಂಗಿಯ ಪಟ್ಟಿ ಅಷ್ಟಾದರೂ ಸಡಿಲಾಗಿರಲಿಲ್ಲ.

ವೀರಭದ್ರಯ್ಯ ಆ ದಾರಿಯನ್ನು ಹೆಜ್ಜೆ ಹಾಕಿ ಅಳೆದು ಪಂಚನಾಮೆ ಬರೆಸಿದರು.  ದುರುಗಪ್ಪ ಶವವನ್ನು ಗುರುತಿಸಿದ. ಅಳಲಿಲ್ಲ. ತಂಗಿಯ ಸೀರೆಯನ್ನು ಕಾಲ ಮೇಲೆ ಸರಿಪಡಿಸಿ, ಮುಖಕ್ಕೆ ಮೆತ್ತಿದ್ದ ಮಣ್ಣನ್ನು ತನ್ನ ಟವೆಲಿನಿಂದ ಒರೆಸಿದ.

ಕೊಟ್ಟೂರಿನಲ್ಲಿ ಶವಪರೀಕ್ಷೆ ಮಾಡಿದ ಡಾಕ್ಟರ್ ನೀಲಗಂಗಮ್ಮ ಕೈ ತೊಳೆದು ಹೊರಗೆ ಬಂದರು.

"ಒಳಗ ನಿಧಾನಕ್ಕ ರಕ್ತ ಸೋರೈತಿ. ಬೆಳಗಿನ ಜಾವದ ತನಕ ಜೀವ ಇತ್ತು."

"ದವಾಖಾನಿಗೆ ತಂದಿದ್ರ?"

"ರಕ್ತ ಕೊಟ್ಟು ಬಳ್ಳಾರಿಗೆ ಕಳಿಸ್ತಿದ್ವಿ. ಉಳೀತಿದ್ಳು ಅಂತ ನಾನು ಬರದು ಕೊಡಾಕ ಬರೋದಿಲ್ಲ. ಉಳಿಯೋ ಹಂಗ ಇದ್ಳು ಅಂತ ಬರೀತೀನಿ." ಕೈ ಒರೆಸಿಕೊಳ್ಳುತ್ತ, "ಕಾಲು ಕಟ್ಟಿದವರು ಕಲತವರು. ಛಲೋ ಕಟ್ಟ್ಯಾರ," ಎಂದರು.

ಅಂದು ಸಂಜೆ ಕೇಸಿಗೆ ಹೊಸ ಕಲಂಗಳು ಸೇರಿದವು: 302, ಕೊಲೆ, 201, ಸಾಕ್ಷ್ಯನಾಶ.

ಗುರುವಾರದಿಂದ ಕಾರಿನ ಬೆನ್ನು ಹತ್ತುವುದು ಕಷ್ಟವಾಗಲಿಲ್ಲ. ಆ ಎತ್ತರದ ಹುಡುಗನನ್ನು ಒಮ್ಮೆ ಕಂಡವರು ಮರೆತಿರಲಿಲ್ಲ. ಹಗರಿಬೊಮ್ಮನಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಅವನು ಬರೀ ಬನಿಯನ್ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕುಳಿತಿದ್ದ. ಅಷ್ಟರಲ್ಲಾಗಲೇ ಕಾರು ಓಡಿಸುತ್ತಿದ್ದವನು ಕನ್ನಡದ ಹುಡುಗ. ಅವರು ಹಂಪಿಯ ಕಡೆ ಹೋಗಿರಲಿಲ್ಲ. ಹಡಗಲಿ ದಾಟಿ ಮಾಗಳಕ್ಕೆ, ಹೊಳೆಗೆ ಹೋಗಿದ್ದರು.

ಮಾಗಳದ ದಂಡೆಯಲ್ಲಿ ಮೀನು ಹಿಡಿಯುವ ಅಜ್ಜಯ್ಯ ಅವರನ್ನು ಕಂಡಿದ್ದ.

"ಸೀಟು ಕಿತ್ತು ಹೊಳಿಗೆ ಹಾಕಿ ತಿಕ್ಕಿದ್ರು. ಒಬ್ಬ ತಿಕ್ಕವ, ಒಬ್ಬ ನೀರು ಹಾಕವ. ಆ ಉದ್ದನವ ದೂರ ಬಂಡೆಗಲ್ಲ ಮ್ಯಾಲೆ ಕುಂತಿದ್ದ. ನಾನು ಹೋಗಿ ಯಾಕಪ್ಪ ಆರಾಮ ಇಲ್ಲೇನು ಅಂದೆ. ಕೈ ಮುಗದ. ಯಾಕ ಮುಗದನೋ ಗೊತ್ತಾಗಲಿಲ್ಲ."

"ಏನಾರ ಬಿಟ್ಟು ಹೋದ್ರಾ?"

"ಒಂದು ಕಂಬಳಿ ಹೊಳಿಗೆ ಒಗದ್ರು. ಛಲೋ ಇತ್ತು, ನಾ ಎತ್ತಿಟ್ಟೀನಿ."

ಕಂಬಳಿಯನ್ನು ಪಂಚರ ಎದುರು ವಶಪಡಿಸಿಕೊಂಡರು. ನೀರಿಗೆ ಬಿದ್ದಿದ್ದರೂ ಮಡಿಕೆಗಳ ಒಳಗೆ ಕಲೆ ಉಳಿದಿತ್ತು. ಅಂಚು ನೋಡಿದ ಕೂಡಲೇ ದುರುಗಪ್ಪನ ತಾಯಿ ಪಕ್ಕೀರಮ್ಮ ಅದನ್ನು ಎದೆಗೆ ಒತ್ತಿಕೊಂಡಳು. ಅವಳ ಕೈಯಿಂದ ಅದನ್ನು ಮತ್ತೆ ಬಿಡಿಸಿಕೊಳ್ಳುವುದು ಜೋಗಪ್ಪನಿಗೆ ಆ ವಾರದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು.

ಶುಕ್ರವಾರ ಹಡಗಲಿಯ ಮೋಟಾರ್ ಸಾಮಾನಿನ ಅಂಗಡಿಯಲ್ಲಿ ಹೆಸರು ಸಿಕ್ಕಿತು. ಮಂಗಳವಾರ ಸಂಜೆ ಹೆಡ್‌ಲೈಟಿನ ಗಾಜು ಕೇಳಿಕೊಂಡು ಬಂದಿದ್ದರು. ಅಂಗಡಿಯಲ್ಲಿ ಇರಲಿಲ್ಲ.

"ಯಾರ ಕಾರು ಗೊತ್ತೇನು?"

"ಗೊತ್ತಿಲ್ಲದೇನ್ರಿ! ಹರಪನಹಳ್ಳಿ ಗುತ್ತಿಗೆದಾರ ನಾಗೇಂದ್ರಪ್ಪನೋರದು. ಅವರ ಮಗ ಕೊಟ್ರೇಶ ಇದ್ದ."

ಶನಿವಾರ ಆಯುಧಪೂಜೆ. ನಾಗೇಂದ್ರಪ್ಪನ ಮನೆಯ ಮುಂದೆ ಲಾರಿಗಳು, ರೋಡ್ ರೋಲರು, ಕಾಂಕ್ರೀಟ್ ಕಲಸುವ ಯಂತ್ರ, ಎಲ್ಲವೂ ಕುಂಕುಮ ಬಳಿದುಕೊಂಡು ಸಾಲಾಗಿ ನಿಂತಿದ್ದವು. ಸಾಲಿನ ಮೊದಲಿಗೆ ಬಿಳಿ ಅಂಬಾಸಡರ್. ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ, ಚಕ್ರದ ಬುಡದಲ್ಲಿ ಒಡೆದ ಕುಂಬಳಕಾಯಿ. ಎಡಗಡೆಯ ಹೆಡ್‌ಲೈಟಿನ ಗಾಜು ಬಲಗಡೆಯದಕ್ಕಿಂತ ಹೊಸದಾಗಿ ಹೊಳೆಯುತ್ತಿತ್ತು. ಜೋಗಪ್ಪ ಬಾಗಿ ನೋಡಿದ. ಗಾಜಿನ ಸುತ್ತಲಿನ ಪಟ್ಟಿಯ ಸಂದಿನಲ್ಲಿ ಹಳೇ ಗಾಜಿನ ಚೂರು ಇನ್ನೂ ಸಿಕ್ಕಿಕೊಂಡಿತ್ತು.

ನಾಗೇಂದ್ರಪ್ಪ ದೊಡ್ಡ ಆಳು, ದೊಡ್ಡ ದನಿ. ಪೊಲೀಸರನ್ನು ಹಜಾರದಲ್ಲಿ ಕೂರಿಸಿ ಕಾಫಿ ತರಿಸಿದ. ಇಪ್ಪತ್ತೆರಡು ವರ್ಷದ ಕೊಟ್ರೇಶ ತಂದೆಯ ಕುರ್ಚಿಯ ಹಿಂದೆ ನಿಂತುಕೊಂಡ. ಯಾರೂ ಅವನಿಗೆ ನಿಲ್ಲು ಎಂದಿರಲಿಲ್ಲ.

"ಮಂಗಳವಾರ ಕಾರು ಎಲ್ಲಿತ್ತು?"

"ಮನೇಲೇ ಇತ್ರಿ," ಎಂದ ನಾಗೇಂದ್ರಪ್ಪ. "ನಾನು ಜೀಪಿನಾಗೆ ಸೈಟಿಗೆ ಹೋಗಿದ್ದೆ. ನನ್ನ ಕೇಳದೆ ಆ ಕಾರನ್ನ ಮುಟ್ಟೋ ಗಂಡಸು ಈ ಮನೇಲಿ ಇಲ್ಲ."

"ನಾನು ಕೇಳಿದ್ದು ನಿಮ್ಮ ಮಗನನ್ನ."

 ನಾಗೇಂದ್ರಪ್ಪ ಹಿಂದಕ್ಕೆ ತಿರುಗಿ ನೋಡಿದ, ಅಷ್ಟೇ. ಹುಡುಗ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಕೀನ್ಯಾದ ಒಡಿಯಾಂಬೊ, ಮಲೇಷ್ಯಾದ ಗುಣಶೇಖರನ್, ಇಬ್ಬರೂ ಪಕ್ಕದ ಜಿಲ್ಲೆಯ ಮೆಡಿಕಲ್ ಕಾಲೇಜಿನಲ್ಲಿ ಅವನ ಸಹಪಾಠಿಗಳು. ರಜೆಗೆ ಅಷ್ಟು ದೂರ ಹೋಗಿಬರಲಾರದೆ ಹಾಸ್ಟೆಲಿನಲ್ಲೇ ಉಳಿಯುತ್ತಿದ್ದವರು. ತಾನೇ ಹಂಪಿ ತೋರಿಸುತ್ತೇನೆಂದು ಕರೆದ. ಒಡಿಯಾಂಬೊ ಹಟಮಾಡಿ ಸ್ಟೇರಿಂಗ್ ಹಿಡಿದ. ಹೆಂಗಸು ದಾರಿಯಲ್ಲೇ ಸತ್ತಳು. ಹೆಣ ಎಸೆಯೋಣ ಎಂದವನೂ ಅವನೇ. ಬೇಡವೆಂದರೆ ಹೊಡೆಯಲು ಬಂದ.

"ನೋಡಿದ್ರಲ್ಲ," ಎಂದ ನಾಗೇಂದ್ರಪ್ಪ. "ಯಾವ ದೇಶದ್ದೋ ಏನೋ, ಅಂಥವರ ಸಂಗ ಮಾಡಿ ನನ್ನ ಮಗ ಕೆಟ್ಟ."

ವೀರಭದ್ರಯ್ಯ ಕಾರನ್ನು ಜಪ್ತಿ ಮಾಡಿಸಿ, ಜೋಗಪ್ಪನನ್ನು ಮನೆಯ ಕಾವಲಿಗೆ ಬಿಟ್ಟು ಹೊರಟರು.

ಭಾನುವಾರ ಬೆಳಿಗ್ಗೆ ಹಾಸ್ಟೆಲ್ ಬಹುತೇಕ ಖಾಲಿಯಿತ್ತು. ಒಡಿಯಾಂಬೊನ ಕೋಣೆಯ ಬಾಗಿಲು ತೆರೆದೇ ಇತ್ತು. ಪೊಲೀಸರನ್ನು ನೋಡಿ ಅವನು ಎದ್ದು ನಿಂತ. ಓಡುವವನ ಹಾಗೆ ಕಾಣಲಿಲ್ಲ. ಐದು ದಿನದಿಂದ ಕಾಯುತ್ತಿದ್ದವನ ಹಾಗೆ ಕಂಡ. ಮಾತು ಇಂಗ್ಲಿಷಿನಲ್ಲಿ ನಡೆಯಿತು.

"ಕಾರು ಓಡಿಸಿದ್ದು ನೀನೇ?"

"ನಾನೇ. ಕೊಟ್ರೇಶ ಓಡಿಸಿ ನೋಡು ಎಂದ. ನನಗೆ ಇಲ್ಲಿನ ಲೈಸೆನ್ಸ್ ಇಲ್ಲ. ಕುರಿಮರಿ ಅಡ್ಡ ಬಂತು, ನಾನು ಪಕ್ಕಕ್ಕೆ ತಿರುಗಿಸಿದೆ. ಅಲ್ಲಿ ಅವಳಿದ್ದಳು."

"ಆಸ್ಪತ್ರೆಗೆ ಯಾಕೆ ಹೋಗಲಿಲ್ಲ?"

"ಹೋಗುತ್ತಿದ್ದೆವು. ಕೂಡ್ಲಿಗಿಯ ಮನೆಗಳು ಕಾಣುತ್ತಿದ್ದವು. ಹಿಂದಿನಿಂದ ಕೊಟ್ರೇಶ, ನಾಡಿ ನಿಂತಿತು ಎಂದ. ಕಾರು ನಿಲ್ಲಿಸಿ ನಾನೂ ನೋಡುತ್ತೇನೆ ಎಂದೆ. ಇಲ್ಲಿ ನಿಲ್ಲಿಸಿದರೆ ಜನ ನಿನ್ನನ್ನು ಕೊಲ್ಲುತ್ತಾರೆ, ಎಡಕ್ಕೆ ತಿರುಗಿಸು ಎಂದ. ಎರಡು ಸಲ ಕೇಳಿದೆ ಸರ್. ಖಚಿತವಾ, ಖಚಿತವಾ ಎಂದು ಕೇಳಿದೆ. ಖಚಿತ ಎಂದ."

"ಹೊಲದಲ್ಲಿ?"

"ನೀನು ಇಳಿಯಬೇಡ, ನಿನ್ನ ಮುಖ ಯಾರೂ ಮರೆಯುವುದಿಲ್ಲ ಎಂದ. ನಾನು ಕಾರಿನಲ್ಲೇ ಕೂತೆ." ಅವನು ಕೈಗಳನ್ನು ಮುಂದೆ ಚಾಚಿದ. "ಅವಳನ್ನು ಕೊಂದವನು ನಾನು. ಬೇಡಿ ಹಾಕಿ. ಅವಳಿಗೆ ಮಕ್ಕಳಿದ್ದರೇ?"

ಹೇಳಬೇಕೋ ಬೇಡವೋ ಎಂದು ವೀರಭದ್ರಯ್ಯ ಕ್ಷಣ ಯೋಚಿಸಿದರು. ನಂತರ ಹೇಳಿದರು. "ಮಕ್ಕಳಿಲ್ಲ. ಆದರೆ ಅವಳು ಕಾರಿನಲ್ಲಿ ಸತ್ತಿರಲಿಲ್ಲ. ಮರುದಿನ ಬೆಳಗಿನ ಜಾವದವರೆಗೆ ಬದುಕಿದ್ದಳು. ರಸ್ತೆಯ ಕಡೆ ತೆವಳಿದ್ದಳು."

ಎತ್ತರದ ಹುಡುಗ ನಿಂತಲ್ಲೇ ಕುಸಿದ. ಓಬಣ್ಣ ಓಡಿಹೋಗಿ ಅವನ ತಲೆ ಗೋಡೆಗೆ ಬಡಿಯದಂತೆ ಹಿಡಿದುಕೊಂಡ. ಆ ಹುಡುಗ ತನ್ನ ಭಾಷೆಯಲ್ಲಿ ಏನೋ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಓಬಣ್ಣ, "ಇರಪ್ಪ, ಇರು," ಎನ್ನುತ್ತ ಅವನ ಬೆನ್ನು ಸವರಿದ.

ಗುಣಶೇಖರನ್ ಪಕ್ಕದ ಕೋಣೆಯಲ್ಲಿದ್ದ.  ಮೊದಲಿಗೆ, ತಾನು ಮುಂದಿನ ಸೀಟಿನಲ್ಲಿದ್ದೆ, ಏನೂ ಕಾಣಲಿಲ್ಲ ಎಂದ.

"ಹೊಲಕ್ಕೆ ಹೊತ್ತುಕೊಂಡು ಹೋದವರು ಯಾರು?"

"ಕೊಟ್ರೇಶ... ಮತ್ತೆ ನಾನು."

"ಆಗ ಮೈ ಬೆಚ್ಚಗಿತ್ತೋ ತಣ್ಣಗಿತ್ತೋ? ನೀನೂ ಡಾಕ್ಟರ್ ಆಗುವವನು."

 "ಸರ್, ನಮ್ಮ ಮನೆಮಾತು ತಮಿಳು. ನನಗೆ ಕನ್ನಡ ಬರುವುದಿಲ್ಲ. ಆದರೆ ಅವಳು ಆಡಿದ ಮಾತು ತಮಿಳಿನಲ್ಲೂ ಇದೆ, ತಿಳಿಯಿತು. ಕೆಳಗೆ ಮಲಗಿಸುವಾಗ, ನೀರು ಎಂದಳು."



"ಕೊಟ್ರೇಶ ಕೇಳಿಸಿಕೊಂಡನೇ?"

"ನನ್ನ ಮುಖ ನೋಡಿದ. ಅದು ಎದೆಯಲ್ಲಿ ಉಳಿದ ಗಾಳಿ ಹೊರಗೆ ಬರುವ ಸದ್ದು, ಓದಿಲ್ಲವಾ ಎಂದ. ಗಾಳಿ ಅಲ್ಲ ಅಂತ ನನಗೆ ಗೊತ್ತಿತ್ತು. ಕಾರಿನಲ್ಲಿ ನೀರಿನ ಬಾಟಲಿ ಇತ್ತು ಸರ್. ನಾನು ತಂದುಕೊಡಲಿಲ್ಲ."

ಅವನ ಹೇಳಿಕೆಯನ್ನು ಮುಂದೆ ಮ್ಯಾಜಿಸ್ಟ್ರೇಟರ ಎದುರಿಗೂ ದಾಖಲಿಸಲಾಯಿತು. ಇಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಪೊಲೀಸರು ಹರಪನಹಳ್ಳಿಗೆ ಬಂದಾಗ ಸಂಜೆ ಐದು ಗಂಟೆ. ವಿಜಯದಶಮಿ. ನಾಗೇಂದ್ರಪ್ಪನ ಮನೆ ತುಂಬ ಬನ್ನಿ ಕೊಡಲು ಬಂದ ಜನ. ವೀರಭದ್ರಯ್ಯ ಕೊಟ್ರೇಶನನ್ನು ಒಳಕೋಣೆಗೆ ಕರೆದೊಯ್ದರು.

"ಆಕಿ ನೀರು ಕೇಳಿದ್ಳಾ?"

ಕೊಟ್ರೇಶ ನೆಲ ನೋಡಿದ.

"ನಾಡಿ ಇತ್ತಾ?"

"ಇತ್ತು." ದನಿ ಕೇಳಿಸದಷ್ಟು ಸಣ್ಣದಾಗಿತ್ತು. "ಸಣ್ಣಗೆ ಇತ್ತು. ಕೂಡ್ಲಿಗಿ ಮುಟ್ಟೋ ತನಕ ಹಿಡಕಂಡೇ ಇದ್ದೆ."

"ಮತ್ತೆ?"

"ಆಸ್ಪತ್ರೆ ಕಾಂಪೌಂಡ್ ಕೆಲಸ ಅಪ್ಪಂದು. ಮಂಗಳವಾರ ಅಲ್ಲೇ ಇರ್ತೀನಿ ಅಂದಿದ್ರು. ಗೇಟಿನಾಗೆ ಅಪ್ಪ ನಿಂತಿರ್ತಾರೆ ಅಂತ ನೆನಪಾತು. ಕಾರು ತಗಂಡು ಬಂದೀನಿ, ಬೇರೆಯವ್ನ ಕೈಗೆ ಕೊಟ್ಟೀನಿ, ಲೈಟ್ ಒಡೆದೈತೆ, ಸೀಟಿಗೆ ರಕ್ತ... ಆಮೇಲೆ ನನಗೆ ಏನೂ ಕಾಣಲಿಲ್ಲ ಸರ್. ಅಪ್ಪನ ಮುಖ ಒಂದೇ ಕಾಣ್ತಿತ್ತು."

"ಆಕಿ ಮುಖ?"



ಬಂಧನದ ವಿಷಯ ತಿಳಿಸಿ ಹೊರಗೆ ಕರೆತಂದಾಗ ಹಜಾರದ ಜನ ಗೋಡೆಯ ಕಡೆ ಸರಿದರು. ನಾಗೇಂದ್ರಪ್ಪ ಎದ್ದು ಬಂದ. ಹೆಗಲಿನಿಂದ ಜಾರುತ್ತಿದ್ದ ಶಲ್ಯವನ್ನು ಸರಿಮಾಡಿಕೊಳ್ಳಲು ಕೈ ಎತ್ತಿದ. ಅಷ್ಟಕ್ಕೇ ಕೊಟ್ರೇಶ ಎರಡೂ ಮೊಣಕೈಗಳಿಂದ ತಲೆ ಮುಚ್ಚಿಕೊಂಡು ಮುದುಡಿ ನಿಂತ. ಊರಿನ ಜನರೆಲ್ಲ ನೋಡಿದರು. ಅಡುಗೆಮನೆಯ ಬಾಗಿಲಲ್ಲಿದ್ದ ಅವನ ತಾಯಿ ಹಂಪಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳೊಬ್ಬಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

ಅಂದೇ ಕೂಡ್ಲಿಗಿಯಲ್ಲಿ ದುರುಗಪ್ಪನಿಗೆ ಎಲ್ಲವನ್ನೂ ತಿಳಿಸಿದರು. ನೀರಿನ ಮಾತನ್ನು ಮಾತ್ರ ವೀರಭದ್ರಯ್ಯ ಅವನಿಗೆ ಹೇಳಲಿಲ್ಲ. ಕೋರ್ಟಿನಲ್ಲಿ ಹೇಗೂ ಕೇಳುತ್ತಾನೆ ಎಂದುಕೊಂಡರು. ಒಡಿಯಾಂಬೊ ಅವನ ಎದುರು ಬಂದು ಮಂಡಿಯೂರಿದ. ದುರುಗಪ್ಪ ಎದ್ದು ಹೊರಗೆ ಹೋದ.

ಒಡಿಯಾಂಬೊ ಮೇಲೆ ಅಜಾಗರೂಕ ಚಾಲನೆ ಮತ್ತು ಸಾಕ್ಷ್ಯನಾಶ, ಗುಣಶೇಖರನ್ ಮೇಲೆ ಸಾಕ್ಷ್ಯನಾಶ, ಕೊಟ್ರೇಶನ ಮೇಲೆ ಕೊಲೆ. ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿಗೆ ಬಂದಾಗ ವೀರಭದ್ರಯ್ಯನವರ ಪೆನ್ನು ನಿಂತಿತು. ಹಣವಲ್ಲ, ದ್ವೇಷವಲ್ಲ. "ತಂದೆಯ ಭಯ" ಎಂದು ಬರೆದರು. ಮೇಲಧಿಕಾರಿಗಳು ಇದನ್ನು ಒಪ್ಪಲಾರರು ಎಂದು ಅವರಿಗೆ ಗೊತ್ತಿತ್ತು. ಆದರೂ ಹೊಡೆದು ಹಾಕಲಿಲ್ಲ.

ಹೊರಗೆ ಜೀಪೊಂದು ಬಂದು ನಿಂತ ಸದ್ದಾಯಿತು. ವರಾಂಡದಲ್ಲಿ ದೊಡ್ಡ ದನಿ ಕೇಳಿಸಿತು. ಮಗನನ್ನು ನೋಡಬೇಕು, ವಕೀಲರನ್ನು ಕರೆತಂದಿದ್ದೇನೆ ಎನ್ನುತ್ತಿತ್ತು. ಕಂಬಿಯ ಹಿಂದೆ ಕೊಟ್ರೇಶ ಎದ್ದು ನಿಂತ.

"ಸರ್, ಅಪ್ಪ ಬಂದಾರೇನ್ರಿ?"

"ಬಂದಾರ. ಜಾಮೀನಿನ ಮಾತು ಆಡಾಕತ್ಯಾರ."

ಹುಡುಗ ಕಂಬಿ ಹಿಡಿದುಕೊಂಡ. "ನನ್ನ ಇಲ್ಲೇ ಇಡ್ರಿ ಸರ್," ಎಂದ. "ಹೊರಗೆ ಕಳಿಸಬ್ಯಾಡ್ರಿ."